ಗೇಟಿನಾಚೆಯಿಂದ ಕಾಣುವ ಕಾವು

ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆ ಇದ್ದದ್ದು ಮಿನ್ಜಾಳ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಮೊಟ್ಟೆಗಳು ಮಾತ್ರ ಅವಳೊಬ್ಬಳವಲ್ಲ. ಮ್ವಾನ್ಜಾ ಊರಿನ ಆ ಬಂಡೆಗುಡ್ಡದ ಓಣಿಯ ಹೆಂಗಸರೆಲ್ಲ ಸೇರಿ ತಂದು ಕೊಟ್ಟಿದ್ದವು. ಮರಿ ಹೊರಬರಲು ಇನ್ನೂ ವಾರವಿದೆ ಎನ್ನುವಾಗ ದೂರದ ಮಾಸ್ವಾ ಊರಿನಿಂದ ತಂಗಿ ಕಬೂಲಾ ಫೋನ್ ಮಾಡಿದಳು.

"ಅಕ್ಕಾ, ನೋವು ಇವತ್ತೋ ನಾಳೆಯೋ ಅಂತಿದ್ದಾರೆ. ನೀನು ಬರೋವರೆಗೂ ನಾನು ಹೆರೋದಿಲ್ಲ ನೋಡು!"

"ಹೆರದೆ ಇನ್ನೇನು, ಸೆರಗಲ್ಲಿ ಕಟ್ಟಿಟ್ಕೋತೀಯಾ? ಬರ್ತೀನಿ ಕಣೇ."

ಬರುತ್ತೇನೆ ಎಂದದ್ದೇನೋ ಆಯಿತು. ಪೆಟ್ಟಿಗೆಯನ್ನು ಯಾರಿಗೆ ಒಪ್ಪಿಸುವುದು? ಪುಟ್ಟ ಮಗಳು ಲಿಮಿಯನ್ನು ಬಿಟ್ಟರೆ ಮನೆಯಲ್ಲಿ ಉಳಿಯುವವರು ಅತ್ತೆ ಎನ್‌ಕ್ವಿಂಬಾ ಒಬ್ಬರೇ. ಹಿಂದಿನ ಸಲ ಅವರು, "ಕೋಳಿನೂ ದಿನಾ ಎದ್ದು ಕಾಳು ತಿನ್ನೋಕೆ ಹೋಗುತ್ತೆ, ಮೊಟ್ಟೆಗೂ ಗಾಳಿ ಬೇಡ್ವಾ?" ಎಂದು ಮುಚ್ಚಳ ತೆಗೆದಿಟ್ಟು, ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತು, ಮರೆತೇಬಿಟ್ಟಿದ್ದರು. ಅರ್ಧಕ್ಕರ್ಧ ಮೊಟ್ಟೆ ಹಾಳಾಗಿತ್ತು. ಓಣಿಯ ಹೆಂಗಸರು ಏನೂ ಅನ್ನಲಿಲ್ಲ. ಅದೇ ಮಿನ್ಜಾಳಿಗೆ ಹೆಚ್ಚು ನೋವಾದದ್ದು.

ಈ ಸಲ ಪೆಟ್ಟಿಗೆಯೊಳಗೊಂದು ತಾಪಮಾಪಕವಿತ್ತು. ಅದು ತೋರಿಸುವ ಅಂಕಿ ಪೆಟ್ಟಿಗೆಯ ಮೇಲೆ ಸಣ್ಣದಾಗಿಯೂ, ಮನೆಯ ವೈಫೈ ಜಾಲದೊಳಗೆ ಒಂದು ಪುಟದಲ್ಲಿಯೂ ಕಾಣುತ್ತಿತ್ತು. ಗಂಡ ಶಿಜಾ ಗಣಿಯ ಕೆಲಸಕ್ಕೆ ಹೋಗುವ ಮೊದಲು ಹಳೆಯ ಕಂಪ್ಯೂಟರೊಂದನ್ನು ಕಾವಲಿಗೆ ಕೂರಿಸಿದ್ದ. ಹೊರಗಿನಿಂದ ಬಂದದ್ದನ್ನೆಲ್ಲ ತಡೆದು ವಿಚಾರಿಸುವುದು ಅದರ ಕೆಲಸ. ಸೌರಫಲಕದ ಬ್ಯಾಟರಿಯಿಂದ ಇವೆಲ್ಲ ನಡೆಯುತ್ತಿದ್ದವು. ಪೆಟ್ಟಿಗೆ ಬಿಸಿಯಾಗಲು ಮಾತ್ರ ಕರೆಂಟೇ ಬೇಕು. ಅದು ಹೋದರೆ ಬಿಸಿನೀರಿನ ಬಾಟಲಿಗಳನ್ನು ಒಳಗಿಡಬೇಕು.

ಮಾಸ್ವಾದಿಂದಲೂ ಆ ಪುಟ ಕಾಣಬೇಕೆಂದು, ಬಟ್ಟೆ ನೆನೆಸಿಟ್ಟು ಮಿನ್ಜಾ ಕಾವಲು ಕಂಪ್ಯೂಟರಿನ ಮುಂದೆ ಕೂತಳು. ಶಿಜಾ ಫೋನಿನಲ್ಲಿ ಹೇಳಿಕೊಟ್ಟ. ಪೋರ್ಟ್ ಎಂಬ ಒಳದಾರಿಯ ಈ ಸಂಖ್ಯೆ ಹೇಳಿಕೊಂಡು ಬಂದವರನ್ನು ತಾಪಮಾಪಕದ ಪುಟಕ್ಕೆ ಕಳಿಸು, ಉಳಿದವರನ್ನು ತಡೆ ಎಂದು ಬರೆದಳು. ಕೈಯಲ್ಲಿದ್ದ ಫೋನಿನಲ್ಲಿ ತೆರೆದರೆ ಪುಟ ಬಂತು. ಮೂವತ್ತೇಳೂವರೆ ಡಿಗ್ರಿ, ಮೊಟ್ಟೆಗೆ ಬೇಕಾದಷ್ಟೇ ಕಾವು.

"ಬಂತು ರೀ!"

"ನೋಡಿದ್ಯಾ? ನನ್ನ ಹೆಂಡ್ತಿ ಅಂದ್ರೆ ಸುಮ್ನೆ ಅಲ್ಲ."

ಸಂತೆಗೆ ಹೋಗಿ, ಒಣ ಡಗಾ ಮೀನು ಆರಿಸುತ್ತಾ ಮತ್ತೊಮ್ಮೆ ತೆರೆದಳು. ಪುಟ ಬರಲಿಲ್ಲ. ಮನೆಗೆ ಬಂದರೆ ಅತ್ತೆ ಗೇಟಿಗೆ ಚಿಲಕ ಹಾಕಿಕೊಂಡಿದ್ದರು.

"ಹೋಡಿ!" ಎಂದು ಕೂಗಿದಳು. ಆ ಊರಿನಲ್ಲಿ ಯಾರೂ ಗೇಟು ದೂಡಿಕೊಂಡು ನುಗ್ಗುವುದಿಲ್ಲ. ಹೊರಗೆ ನಿಂತು ಹೋಡಿ ಎನ್ನಬೇಕು, ಒಳಗಿನವರು ಕರೀಬು ಎಂದರೆ ಕಾಲಿಡಬೇಕು. ಮನೆಯ ಬಾಗಿಲೇನೋ ಹಾರುಹೊಡೆದಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. ಅವಳ ಕೂಗು ಯಾರಿಗೂ ಕೇಳಲಿಲ್ಲ.

ಬುಟ್ಟಿ ಹಿಡಿದು ನಿಂತವಳಿಗೆ ಫಕ್ಕನೆ ಹೊಳೆಯಿತು. ಬಾಗಿಲು ತೆರೆದಿದ್ದೇನೆ, ಗೇಟಿಗೆ ಹೇಳೇ ಇಲ್ಲ! ಹೊರಗಿನಿಂದ ಬರುವವರಿಗೆ ಮೊದಲು ಸಿಗುವುದು ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರ್, ಅದೇ ಗೇಟು. ಅದರ ಹಿಂದೆ ಕಾವಲು ಕಂಪ್ಯೂಟರ್. ಅವಳ ಫೋನು ರೂಟರಿನ ವೈಫೈಯಲ್ಲೇ ಇತ್ತು. ಅಂಗಳದಲ್ಲಿ ನಿಂತು ಮನೆ ಬಾಗಿಲು ತಟ್ಟಿ, ತೆರೆಯಿತು ಎಂದು ಹಿಗ್ಗಿದ್ದಳು ಅಷ್ಟೆ.

"ಹೋಡಿ ಅತ್ತೇ, ಹೋಡಿ!"

"ಕರೀಬು, ಕರೀಬು! ನಿನ್ನ ಮನೆಗೆ ನೀನೇ ಹೋಡಿ ಅಂತಿದ್ಯಲ್ಲೇ ಲಿಮಿ ಅಮ್ಮ," ಎಂದು ಅತ್ತೆ ನಗುತ್ತಾ ಬಂದರು.

ರೂಟರಿನಲ್ಲಿ ಸುಲಭದ ದಾರಿಯೂ ಒಂದಿತ್ತು: ಬಂದದ್ದನ್ನೆಲ್ಲ ಒಳಗೆ ಕಳಿಸು. "ಅದನ್ನೇ ಒತ್ತು, ತಲೆನೋವಿಲ್ಲ," ಎಂದ ಶಿಜಾ ಫೋನಿನಲ್ಲಿ.

"ಗೇಟು ಕಿತ್ತು ಪಕ್ಕಕ್ಕಿಡು ಅಂತೀರಾ? ಮನೇಲಿ ಮಗಳಿದ್ದಾಳೆ ರೀ, ಅವಳ ಫೋಟೋ ಎಲ್ಲಾ ಕಂಪ್ಯೂಟರಲ್ಲಿದೆ."

ಅವಳು ರೂಟರಿನಲ್ಲೂ ಆ ಒಂದೇ ಪೋರ್ಟನ್ನು ತೆರೆದಳು, ಪುಟಕ್ಕೆ ಗುಟ್ಟಿನ ಪದ ಇಟ್ಟಳು. ವೈಫೈ ಆರಿಸಿ, ರಸ್ತೆಯ ತಿರುವಿನವರೆಗೆ ನಡೆದು ನೋಡಿದಳು. ಬಂತು.

ಅತ್ತೆ ಸಿಹಿಗೆಣಸಿನ ಸಿಪ್ಪೆ ತೆಗೆಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. "ನನ್ನ ಮೇಲೆ ಕಣ್ಣಿಡೋಕಾ ಇದು?"

"ಮೊಟ್ಟೆ ಮೇಲೆ, ಅತ್ತೆ."

"ಮೊಟ್ಟೆ ಪಕ್ಕ ಕೂರೋಳು ನಾನೇ ತಾನೇ?"

ಮಿನ್ಜಾ ನೆನೆಸಿಟ್ಟ ಬಟ್ಟೆ ಒಗೆಯಲು ಎದ್ದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ.

ಮಾಸ್ವಾದಲ್ಲಿ ಕಬೂಲಾ ಗಂಡುಮಗು ಹೆತ್ತಳು. ಮಗುವಿಗೆ ಸ್ನಾನ ಮಾಡಿಸಿ, ಬಾಣಂತಿಗೆ ಗಂಜಿ ಕೊಟ್ಟು ಮಿನ್ಜಾ ಪುಟ ತೆರೆದಳು. ಮೂವತ್ತಾರು. ಮತ್ತೆ ನೋಡಿದರೆ ಮೂವತ್ತೈದು. ಮುಚ್ಚಳ ತೆಗೆದರಾ ಮತ್ತೆ? ಕೂಡಲೇ ಅತ್ತೆಗೆ ಫೋನ್ ಮಾಡಿದಳು.

"ಕರೆಂಟಿಲ್ಲ ಕಣೇ, ಬಾಟಲಿಗೆ ನೀರು ತುಂಬ್ತಿದೀನಿ. ಫೋನ್ ಹಿಡ್ಕೊಂಡ್ರೆ ಬಾಟಲಿ ನಿಮ್ಮಪ್ಪ ಹಿಡೀತಾನಾ?" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ಎಷ್ಟು ಬಾಟಲಿ ಇಡ್ಬೇಕು ಅಂತ ಹೆಂಗೆ ತಿಳಿಯೋದೇ? ಪೆಟ್ಟಿಗೆ ಮೇಲಿನ ಅಂಕಿ ನನ್ನ ಕಣ್ಣಿಗೆ ಇರುವೆ ಸಾಲು. ಸುಮ್ನೆ ಕೈ ಇಟ್ಟು ನೋಡ್ತಿದೀನಿ," ಎಂದರು.

ಮಿನ್ಜಾ ಅಷ್ಟು ದೂರದ ತನಗೆ ಕಾಣಲೆಂದು ಎರಡೆರಡು ಕಡೆ ದಾರಿ ಬಿಡಿಸಿದ್ದಳು. ಪೆಟ್ಟಿಗೆಯ ಪಕ್ಕದಲ್ಲೇ ಕೂತವರಿಗೆ ಅದೇ ಪುಟವನ್ನು ತೋರಿಸಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ಅತ್ತೆ, ಬಾಟಲಿ ಇಟ್ಟು ಬನ್ನಿ. ಚರ್ಚಿನ ಹಾಡು ಕೇಳೋ ಫೋನಿದ್ಯಲ್ಲ, ಅದನ್ನ ತಗೊಳ್ಳಿ."

ಪುಟದ ವಿಳಾಸವನ್ನು ಒಂದೊಂದೇ ಅಂಕಿಯಾಗಿ ಹೇಳಿದಳು, ಗುಟ್ಟಿನ ಪದವನ್ನೂ ಹೇಳಿದಳು. ಅಕ್ಷರಗಳನ್ನು ದೊಡ್ಡದು ಮಾಡುವುದು ಹೇಗೆಂದು ತಿಳಿಸಿದಳು. ಅತ್ತೆ ತಪ್ಪು ಒತ್ತಿದರು, ಬೈದುಕೊಂಡರು, ಮತ್ತೆ ಒತ್ತಿದರು.

"ಬಂತು! ಅಬ್ಬಾ, ಇಷ್ಟು ದಪ್ಪಗೆ! ಮೂವತ್ತಾರು."

"ನಂಗೂ ಹಾಗೇ ಕಾಣ್ತಿದೆ."

"ಇನ್ನೆರಡು ಬಾಟಲಿ ಇಡ್ತೀನಿ. ನೀನು ಫೋನ್ ಇಡು, ಮಗು ಅಳ್ತಿದೆ ಅಲ್ಲಿ."

ಆಮೇಲೆ ಮಿನ್ಜಾ ಪುಟ ನೋಡುವುದು ಕಡಿಮೆಯಾಯಿತು. ಬೆಳಗಾಗುತ್ತಲೇ ಅತ್ತೆಯೇ ಫೋನ್ ಮಾಡಿ ಅಂಕಿ ಹೇಳುತ್ತಿದ್ದರು, ಜೊತೆಗೆ ಓಣಿಯ ಸುದ್ದಿಯನ್ನೂ. ಒಂದು ಬೆಳಿಗ್ಗೆ ಅಂಕಿ ಹೇಳಲಿಲ್ಲ. ಫೋನನ್ನು ಪೆಟ್ಟಿಗೆಗೆ ಹಿಡಿದರು. ಚಿಂವ್ ಚಿಂವ್ ಎಂಬ ಸದ್ದು ಒಂದರ ಮೇಲೊಂದು ಮುಗಿಬಿದ್ದು ಬಂತು.

"ಕೇಳಿಸ್ತೇನೇ? ಮುಚ್ಚಳ ತೆಗೀಲಾ, ಇನ್ನೂ ಕಾಯ್ಲಾ?"

"ಪಕ್ಕದಲ್ಲಿರೋರು ನೀವು," ಎಂದಳು ಮಿನ್ಜಾ. "ನಿಮಗೆ ಹೇಗೆ ತೋರುತ್ತೋ ಹಾಗೆ ಮಾಡಿ ಅತ್ತೆ."