ನೂರನೇ ಲೆವೆಲ್ಲಿನ ಭಾವ

ಹಗಲೆಲ್ಲ ನಾನು ಕಂಡವರಿಗೆ ಹಲ್ಲಿನ ಸೆಟ್ಟು ಕಟ್ಟುತ್ತೇನೆ. ಸಂಜೆ ಲ್ಯಾಬಿನ ಬಾಗಿಲು ಹಾಕಿ, ಬೆರಳ ಸಂದಿಯ ಪ್ಲಾಸ್ಟರ್ ಪುಡಿಯನ್ನೂ ತೊಳೆಯದೆ, ಮೈಕಿರುವ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತರೆ ನಾನು ಮಹಾವೈದ್ಯ. ಬೇರೆ ಊರಿನಲ್ಲಿರುವ ನನ್ನ ಅಕ್ಕ ಆನ್‌ಲೈನ್ ಆಟದಲ್ಲಿ ಕತ್ತಿ ಹಿಡಿದು ಮುಂದೆ ನಿಂತು ಪೆಟ್ಟು ತಿನ್ನುತ್ತಾಳೆ. ನಲವತ್ತು ದಾಟಿದ ಗಂಡಸು ನಾನು, ಅವಳ ಬೆನ್ನ ಹಿಂದೆ ಅವಿತು ಮಂತ್ರ ಹಾಕಿ ಗಾಯ ಮಾಯಿಸುತ್ತೇನೆ. ಚಿಕ್ಕಂದಿನಿಂದಲೂ ನಮ್ಮ ವ್ಯವಸ್ಥೆ ಇದೇ.

ಇಬ್ಬರೂ ನೂರನೇ ಲೆವೆಲ್ ಮುಟ್ಟಿ ಎಷ್ಟೋ ಕಾಲವಾಗಿತ್ತು. ಅದರಾಚೆ ಲೆವೆಲ್ ಇಲ್ಲ. ಒಂದೇ ಗುಹೆ, ಅದರೊಳಗೆ ಒಂದೇ ಡ್ರ್ಯಾಗನ್. ಕೊಂದರೆ ಒಂದು ಕೈಗವಸು ಸಿಗುತ್ತದೆ. ಅದನ್ನು ಹಾಕಿಕೊಂಡು, ಮಾರನೆಯ ದಿನ ಮತ್ತೆ ಹುಟ್ಟಿ ಬರುವ ಅದೇ ಡ್ರ್ಯಾಗನ್ನನ್ನು ಇನ್ನೂ ಬೇಗ ಕೊಲ್ಲಬಹುದು. ಕಡಲೆ ಇದ್ದೂ ಹಲ್ಲಿಲ್ಲದವರಿಂದಲೇ ನನ್ನ ಹೊಟ್ಟೆ ತುಂಬುವುದು. ಆಟದಲ್ಲಿ ಮಾತ್ರ ನಮಗೆ ಬಾಯಿ ತುಂಬ ಹಲ್ಲು, ಕಡಲೆಯೇ ಇಲ್ಲ. ಆ ಡ್ರ್ಯಾಗನ್ ಹೊಟ್ಟೆಯ ಮೇಲೆ ಕೈಯಿಟ್ಟು ಗೊರಕೆ ಹೊಡೆಯುವುದನ್ನು ನೋಡಿ ಅಕ್ಕ, "ಥೇಟ್ ನಿನ್ನ ಭಾವ," ಅಂದಿದ್ದಳು. ಅಂದಿನಿಂದ ಅದರ ಹೆಸರು ಭಾವ.

ಹೋದ ವಾರ ಕಂಪನಿಯವರು ಹೊಸ ಸೀಸನ್ ಅಂತ ಡಂಗುರ ಸಾರಿದರು. ಹೋಗಿ ನೋಡಿದರೆ ಅದೇ ಭಾವ, ನೀಲಿ ಬಣ್ಣ, ಕೊಂಬು ಒಂದು ಹೆಚ್ಚು.

"ಹಾಡಿದ್ದೇ ಹಾಡೋ ಕಿಸಬಾಯಿ ದಾಸ," ಅಂದಳು ಅಕ್ಕ. "ಸಾಕು ಕಣೋ. ನಾನು ಬಿಡ್ತೀನಿ."

"ಮುಂದಿನ ಅಪ್‌ಡೇಟಲ್ಲಿ ಸಮುದ್ರ ಬರುತ್ತಂತೆ ಅಕ್ಕ."

"ಬಂದ್ರೆ ನಿನ್ನ ಭಾವ ಈಜ್ತಾನೆ, ಅಷ್ಟೇ."

ಡ್ರ್ಯಾಗನ್ ಹಾಳಾಗಿ ಹೋಗಲಿ, ಅಕ್ಕನ ಜೊತೆ ನಾನು ಬಾಯಿ ಬಿಡುವುದು ಆ ಗುಹೆಯಲ್ಲಿ ಮಾತ್ರ. ಫೋನೆಂದರೆ ನನಗೆ ಮಾತೇ ಹೊರಡುವುದಿಲ್ಲ. ಅವಳಾಗಿ ಮಾಡಿದರೂ ಹ್ಞೂಂ, ಉಹ್ಞೂಂ ಅಂದು ಮುಗಿಸುವ ಗಿರಾಕಿ ನಾನು. ಗುಹೆ ಹೋದರೆ ಅಕ್ಕನೂ ಹೋದಂತೆಯೇ.

ಒಬ್ಬನೇ ಆಡಿ ನೋಡಿದೆ. ಪೆಟ್ಟು ತಿನ್ನುವವರೇ ಇಲ್ಲದ ಮೇಲೆ ವೈದ್ಯನಿಗೇನು ಕೆಲಸ? ನೀಲಿ ಭಾವ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ. ಮಾರನೆಯ ರಾತ್ರಿ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಹಚ್ಚಿದೆ.

"ಏನೋ?" ಅಂದಳು.

ಏನು ಅಂತ ನನಗೂ ಗೊತ್ತಿರಲಿಲ್ಲ. ಗಾಬರಿಯಲ್ಲಿ ನಾಲಿಗೆ ರೂಢಿಯ ದಾರಿಯನ್ನೇ ಹಿಡಿಯಿತು. "ಭಾವನ್ನ ಮುಗಿಸೋಣ್ವಾ? ಇವತ್ತು ಬೇಗ ಸಾಯ್ತಾನೆ."

ಅವಳ ಫೋನ್ ಸ್ಪೀಕರಿನಲ್ಲಿತ್ತು.

"ಯಾರಪ್ಪಾ ಸಾಯೋದು?" ಅಂದರು ಭಾವ, ನಿಜವಾದವರು.

ಭೂಮಿ ಬಾಯಿ ಬಿಟ್ಟಿದ್ದರೆ, ಅದರ ಹಲ್ಲಿನ ಅಳತೆಯನ್ನೂ ತೆಗೆಯದೆ ಒಳಗೆ ಇಳಿಯುತ್ತಿದ್ದೆ. ಅಕ್ಕ ನಕ್ಕು ನಕ್ಕು ವಿಷಯ ಬಿಡಿಸಿ ಹೇಳಿದಳು.

"ಕೊಲ್ರಪ್ಪಾ, ನನ್ನದೇನೂ ಅಭ್ಯಂತರ ಇಲ್ಲ," ಅಂದರು ಭಾವ. "ಆದ್ರೆ ಇವಳಿಗೆ ಆ ಆಟ ಮೊದಲಿಂದ್ಲೂ ಬೇಜಾರು ಕಣಯ್ಯಾ. ದಿನಾ ಗೊಣಗಿಕೊಂಡೇ ಕೂರ್ತಿದ್ಲು. ಮತ್ಯಾಕೆ ಆಡ್ತೀಯ ಅಂದ್ರೆ, ಅವನು ಫೋನಲ್ಲಿ ಮಾತಾಡಲ್ಲ, ಸಿಗೋದು ಅಲ್ಲೊಂದೇ ಕಡೆ, ಅಂತಿದ್ಲು."

"ನಿಮಗ್ಯಾಕ್ರೀ ಅದೆಲ್ಲ," ಅಂದಳು ಅಕ್ಕ. ಅವಳ ನಗು ನಿಂತಿತ್ತು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಏನಾದರೂ ಹೇಳಲೇಬೇಕಿತ್ತು.

"ಊಟ ಆಯ್ತಾ, ಅಕ್ಕ?"

"ಆಯ್ತು. ನಿಂದು?"

"ಇಲ್ಲ."

"ಯಾಕೋ?"

ಕುರ್ಚಿ ಎಳೆದುಕೊಂಡು ಕೂತೆ. ಯಾಕೆ ಅಂತ ಬೆಳಿಗ್ಗೆಯಿಂದ ಶುರು ಮಾಡಿ ಹೇಳತೊಡಗಿದೆ.