ಗುರುಬಾಯಿಯ ಖಾಲಿ ಕೊಡ

ನಿಂಬರ್ಗಾದಲ್ಲಿ ಆ ಬೇಸಿಗೆ ಕುಡಿಯುವ ನೀರಿಗೆ ಇದ್ದದ್ದು ಸರಕಾರದ ಒಂದೇ ಬೋರ್‌ವೆಲ್. ಮಂಡಲ ಪ್ರಧಾನ ದೌಲತರಾಯ ಅದಕ್ಕೆ ಬೇಲಿ ಹಾಕಿಸಿ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡಿದ್ದ. ಕೂಲಿಯ ಗುರುಬಾಯಿ ಸಭೆಯಲ್ಲಿ ಎದ್ದು ನೀರು ಕೇಳಿದಳು. ಬೈದು ಕೂರಿಸಿದರು. ಮರುದಿನದಿಂದ ಅವಳು ಮಾತು ಬಿಟ್ಟಳು. ದಿನಾ ಬೆಳಗ್ಗೆ ಖಾಲಿ ಕೊಡ ಇಟ್ಟುಕೊಂಡು ಪ್ರಧಾನನ ಬಾಗಿಲೆದುರು ಕೂರತೊಡಗಿದಳು. ಹೊರಟಾಗ ಖಾಲಿ ಕೊಡ ಕಂಡರೆ ಯಾರು ಹೆಜ್ಜೆ ಮುಂದಿಡುತ್ತಾರೆ? ಪ್ರಧಾನ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋಗುತ್ತಿದ್ದ.

ಕೊನೆಗೆ ಅವಳ ಗಂಡ ದೇವಿಂದ್ರಪ್ಪನನ್ನು ಕರೆಸಿದ. "ನಿನ್ನ ಹೆಣ್ತಿಗಿ ಹುಚ್ಚು ಹಿಡದದ. ಆಳಂದಕ್ಕ ಮನಸ್ಸಿನ ಡಾಕ್ಟ್ರು ಬಂದಾರ. ಅವರ ಕಡಿಂದ ಹುಚ್ಚಂತ ಬರಸಿ ಹುಚ್ಚಾಸ್ಪತ್ರಿಗಿ ಹಾಕು. ಜೀಪು ನಾ ಕೊಡ್ತೇನಿ."

ಸುದ್ದಿ ಕೇಳಿ ನೆರೆಮನೆಯ ಖಾಸೀಂಬಿ ನಕ್ಕಳು. "ಆಕಿ ಹೆರಿಗಿ ಬ್ಯಾನಿ ತಿನ್ನಾಗ ಕೊಡದ ಜೀಪು ಈಗ ಯಾಕ್ ಕೊಡಾಕತ್ತಾನೋ?"

"ಮಾತೇ ಆಡವಲ್ಲಳು, ಆಪಾ. ನನಗೂ ಅಂಜಿಕಿ ಬಂದದ," ಎಂದ ದೇವಿಂದ್ರಪ್ಪ.

ಆಳಂದದಲ್ಲಿ ಡಾಕ್ಟರ್ ಶಾಂತಲಿಂಗಪ್ಪನವರ ಮುಂದೆ ಪ್ರಧಾನನೇ ಎಲ್ಲ ಹೇಳಿದ.

"ಬ್ಯಾನಿ ನಿಮಗೋ, ಆಕಿಗೋ? ಹೊರಗ ಕುಂದರ್ರಿ," ಎಂದರು ಡಾಕ್ಟರು.

ಆಮೇಲೆ ಅವರೂ ಸುಮ್ಮನೆ ಕೂತರು. ಬಹಳ ಹೊತ್ತಿನ ಮೇಲೆ ಗುರುಬಾಯಿಯೇ ಬಾಯಿಬಿಟ್ಟಳು. "ನಾ ಮಾತಾಡಿದ್ರ ಬೈತಾರ್ರಿ. ಕೊಡಕ್ಕ ಯಾರೂ ಬೈಯಂಗಿಲ್ಲ. ಅದಕ್ಕ ಅದನ್ನ ಮುಂದಿಟ್ಟೇನಿ."

ಡಾಕ್ಟರು ನಕ್ಕರು. ನಿದ್ದೆ, ಊಟ, ಮನಸ್ಸಿನ ಭಯ ಎಲ್ಲವನ್ನೂ ನಿಧಾನವಾಗಿ ವಿಚಾರಿಸಿದರು. ಬಳಿಕ ಹೊರಗಿದ್ದ ಗಂಡನನ್ನೂ ಪ್ರಧಾನನನ್ನೂ ಒಳಗೆ ಕರೆದರು.

"ಈ ತಾಯಿಗಿ ಯಾವ ಬ್ಯಾನಿನೂ ಇಲ್ಲ."

"ಒಂದ್ ಸಾಲು ಬರದ್ರ ನಿಮ್ಮ ಗಂಟೇನ್ ಹೋಗ್ತದ್ರಿ?" ಪ್ರಧಾನನ ದನಿ ಏರಿತು. "ಇಲ್ಲಂದ್ರ ವರ್ಗ ಮಾಡಸ್ತೇನಿ!"

"ಮಾಡಸ್ರಿ. ಬ್ಯಾನಿ ಇದ್ದವರಿಗಿ ಔಷಧ ಕೊಡೋದು ನನ್ನ ಕೆಲಸ. ನೀರು ಕೇಳಿದವರ ಬಾಯಿ ಕಟ್ಟೋದಲ್ಲ."

ಜೀಪು ಅವರನ್ನು ಬಿಟ್ಟೇ ಹೋಯಿತು. ಗಂಡ ಹೆಂಡತಿ ಬಸ್ಸಿನಲ್ಲಿ ಬಂದರು. ಮರುದಿನ ಬೆಳಗ್ಗೆ ದೇವಿಂದ್ರಪ್ಪ ಇನ್ನೊಂದು ಕೊಡ ಎತ್ತಿಕೊಂಡು ಹೆಂಡತಿಯ ಪಕ್ಕ ಹೋಗಿ ಕೂತ. ಖಾಸೀಂಬಿ ಬಂದಳು. ಓಣಿಯೇ ಬಂತು. ಕೊಡಗಳ ಸಾಲು ದಾಟಿ ಹೊರಬರಲಾಗದೆ ಪ್ರಧಾನ ಬೇಲಿ ತೆಗೆಸಿದ.

ಡಾಕ್ಟರಿಗೆ ವರ್ಗವಂತೂ ಆಯಿತು. ಅವರು ಹೊರಟ ದಿನ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಗುರುಬಾಯಿ ತುಂಬಿದ ಕೊಡ ಹೊತ್ತು ಎದುರು ಬಂದಳು. ದೇವಿಂದ್ರಪ್ಪ ಎಲ್ಲರಿಗೂ ಕೇಳುವಂತೆ ಹೆಮ್ಮೆಯಿಂದ ಹೇಳಿದ: "ಈಕಿ ನನ್ನ ಹೆಣ್ತಿರಿ!"

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಯಾರ ಮನಸ್ಸಾದರೂ ನೊಂದಿದ್ದರೆ ನಾಚದೆ ಡಾಕ್ಟರ ಬಳಿ ಕರೆದೊಯ್ಯಿರಿ. ಆದರೆ ನ್ಯಾಯ ಕೇಳಿದವರನ್ನು ಯಾರಾದರೂ ಹುಚ್ಚರೆಂದರೆ, ಅವರು ಕೇಳಿದ್ದೇನು ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ಅವರ ಪಕ್ಕ ಹೋಗಿ ಕೂರಿ.