ಜತ್ತಪ್ಪನ ನಡುಕ

ಜತ್ತಪ್ಪ ಯಾವ ಬಾಗಿಲನ್ನೂ ಎದೆಯೊಡ್ಡಿ ದಾಟಿದವನಲ್ಲ. ಎಡ ಭುಜವನ್ನು ಮುಂದೆ ಮಾಡಿ, ಗದ್ದವನ್ನು ಕೊರಳಿಗೆ ಒತ್ತಿಕೊಂಡು, ಎಡಗಾಲು ಊರಿದ ಮೇಲೆ ಬಲಗಾಲನ್ನು ಅದರ ಹಿಂದಕ್ಕೆ ಎಳೆದುಕೊಳ್ಳುತ್ತ, ಒಳಗೆ ಯಾರೋ ತನಗಾಗಿ ಮುಷ್ಟಿ ಬಿಗಿದು ಕಾದಿದ್ದಾರೆ ಎಂಬಂತೆ ಬರುತ್ತಿದ್ದ. ಸ್ವಂತ ಅಕ್ಕನ ಅಡುಗೆಕೋಣೆಗೆ ಗಂಜಿ ಉಣ್ಣಲು ಬರುವಾಗಲೂ ಹೀಗೆಯೇ. "ಇಲ್ಲಿ ನಿನಗೆ ಹೊಡೆಯುವವರು ಯಾರಿದ್ದಾರೆ ಮಾರಾಯ, ನೆಟ್ಟಗೆ ಬಾ" ಎಂದು ಪೂವಮ್ಮ ಮೊದಮೊದಲು ನಗುತ್ತಿದ್ದಳು. ಅವನೂ ನಗುತ್ತಿದ್ದ, ಭುಜ ಮಾತ್ರ ತಿರುಗುತ್ತಿರಲಿಲ್ಲ.

ಮಡಂತ್ಯಾರಿನಿಂದ ಒಳಗೆ, ಗದ್ದೆಯ ಅಂಚಿನ ಆ ಗೇಣಿಮನೆಯಿಂದ ಅವನು ಸೈನ್ಯಕ್ಕೆ ಸೇರಿದ್ದು ನಲವತ್ತೊಂಬತ್ತನೇ ಇಸವಿಯಲ್ಲಿ. ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಓಡಿ ಗಟ್ಟಿಯಾಗಿದ್ದ ಕಾಲುಗಳನ್ನು ಯಾವ ಸುಬೇದಾರನ ಕಣ್ಣು ಕಂಡಿತೋ, ಅವನ ಕೈಗೆ ಬಂದೂಕಿಗಿಂತ ಮೊದಲು ಬಾಕ್ಸಿಂಗಿನ ಚರ್ಮದ ಗವಸು ಬಂತು. ಐವತ್ತನಾಲ್ಕರಲ್ಲಿ ಅವನು ಸೈನ್ಯದ ಮಿಡಲ್‌ವೇಟ್ ಚಾಂಪಿಯನ್ ಆದ. ಆ ಸುದ್ದಿ ಊರಿಗೆ ತಲುಪಿದಾಗ, ಚಾಂಪಿಯನ್ ಎಂದರೆ ಹವಾಲ್ದಾರನಿಗಿಂತ ದೊಡ್ಡ ಹುದ್ದೆಯಿರಬೇಕೆಂದು ಜನ ತಿಳಿದರು, ಪೂವಮ್ಮನೂ ತಿಳಿದಳು.

ಐವತ್ತೆಂಟರಲ್ಲಿ ಅವನು ಊರಿಗೆ ಮರಳಿದ. ಬಂಟ್ವಾಳ ಪೇಟೆಯಲ್ಲಿ ಬಸ್ಸಿಳಿದವನ ಮೈಮೇಲೆ ನೀಲಿ ಉಣ್ಣೆಯ ಕೋಟು, ಅದರ ಕಿಸೆಯ ಮೇಲೆ ನೂಲಿನಲ್ಲಿ ಹೊಲಿದ ಎರಡು ಗವಸಿನ ಚಿತ್ರ. ಬೇಸಿಗೆಯ ಸೆಕೆಯಲ್ಲಿ ಉಳಿದವರು ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ತಿರುಗುವಾಗ ಇವನು ಆ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬೆವರನ್ನು ಒರೆಸದೆ ನಡೆಯುತ್ತಿದ್ದ. ಸಂತೆಗೆ ಹೋದಾಗಲೆಲ್ಲ ರಹ್ಮತ್‌ನ ಅಕ್ಕಿ ಮಂಡಿಗೆ ನುಗ್ಗಿ, ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕುಳಿತು ತನ್ನನ್ನು ತಾನೇ ತೂಗಿಸಿಕೊಳ್ಳುತ್ತಿದ್ದ. ಮಿಡಲ್‌ವೇಟಿನ ಮಿತಿಯಾದ ನೂರ ಅರವತ್ತೈದು ಪೌಂಡು ಮೀರುವಂತಿಲ್ಲ. "ನೀವು ಕೂತು ಎದ್ದ ಮೇಲೆ ನನ್ನ ಅಕ್ಕಿಗೂ ಚಾಂಪಿಯನ್ ರೇಟು ಹಾಕಬೇಕಾಗ್ತದೆ ಜತ್ತಪ್ಪಣ್ಣ" ಎಂದು ರಹ್ಮತ್ ನಗೆಯಾಡಿದರೆ, ಜತ್ತಪ್ಪ ನಗದೆ, "ಒಂದು ಪೌಂಡು ಹೆಚ್ಚಾದರೆ ನಾನು ಬೇರೆ ಮನುಷ್ಯ" ಎನ್ನುತ್ತಿದ್ದ. ತೂಕ ಹೆಚ್ಚಿದ ವಾರ ಅವನು ಕಂಬಳಿ ಹೊದ್ದು ಬಿಸಿಲಲ್ಲಿ ಓಡುತ್ತಿದ್ದುದನ್ನು, ಬೆಂದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದುದನ್ನು ಕಂಡು ಪೂವಮ್ಮ ಬೈಯುತ್ತಿದ್ದಳು. ಮಾತು ಜಗಳಕ್ಕೆ ತಿರುಗಿತೆಂದರೆ ಅವನು ಬಾಕ್ಸಿಂಗಿನ ತೀರ್ಪುಗಾರನಂತೆ "ಬ್ರೇಕ್" ಎಂದು ಎರಡು ಹೆಜ್ಜೆ ಹಿಂದೆ ಸರಿದುಬಿಡುತ್ತಿದ್ದ. ಆಮೇಲೆ ಯಾರೂ ಜಗಳ ಮುಂದುವರಿಸುವಂತಿರಲಿಲ್ಲ.

ಊರಿನ ಗುತ್ತಿನ ಮನೆಯ ಧಣಿ ರಮಾನಾಥನಿಗೆ ತನ್ನ ಒಕ್ಕಲಿನವನೊಬ್ಬ ಇಂಥ ಬಿರುದು ಹೊತ್ತು ಬಂದದ್ದು ಹೆಮ್ಮೆಯ ಸಂಗತಿಯಾಯಿತು. ಕಣ್ಣಾನೂರಿನಿಂದ ಒಬ್ಬ ಬಾಕ್ಸರನನ್ನು ಕರೆಸಿ, ಮೂಡಬಿದಿರೆಯಲ್ಲಿ ಬಯಲೊಂದಕ್ಕೆ ಹಗ್ಗ ಕಟ್ಟಿಸಿ, ಮಿಜಾರಿನವರೆಗೆ ಡಂಗುರ ಸಾರಿಸಿದ. ಜನವೋ ಜನ. ಜತ್ತಪ್ಪ ಆ ದಿನ ಆಡಿದ್ದು ಆಟವಲ್ಲ, ನಾಟ್ಯ. ಎದುರಾಳಿಯ ಗುದ್ದುಗಳೆಲ್ಲ ಅವನ ಕಿವಿಯ ಪಕ್ಕದ ಗಾಳಿಯನ್ನು ಮಾತ್ರ ಸೀಳಿದವು. ಅವನ ಎಡಗೈ ಮಾತ್ರ ಹಕ್ಕಿ ಕಾಳು ಹೆಕ್ಕಿದಂತೆ ತಾಗಿ ತಾಗಿ ಮರಳಿತು. ಪಾಯಿಂಟುಗಳಲ್ಲಿ ಗೆದ್ದನೆಂದು ತೀರ್ಪುಗಾರ ಅವನ ಕೈಯೆತ್ತಿದಾಗ ಬಯಲಲ್ಲಿ ಚಪ್ಪಾಳೆಯೇ ಇಲ್ಲ. ಕೋಳಿ ಅಂಕದ ಕಾಳಗ ನೋಡಿ ಬೆಳೆದ ಜನ. ಒಂದು ಬೀಳಬೇಕು, ಇಲ್ಲವೇ ಓಡಬೇಕು.

"ಬೀಳಲೇ ಇಲ್ಲ ಅಲ್ಲವಾ? ಗೆದ್ದದ್ದು ಎಲ್ಲಿ?"

"ಕೋಳಿಯಾದರೆ ಸಾರಾದರೂ ಆಗ್ತಿತ್ತು. ಇದು ಎಂತ ಅಂಕ ಮಾರಾಯ!"

ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಹರಿದು ಬಂತು. ರಮಾನಾಥನೂ ಮುಖ ತಿರುಗಿಸಿ ನಕ್ಕ. ಬಯಲಿನ ಅಂಚಿನಲ್ಲಿ ನಿಂತಿದ್ದ ಪೂವಮ್ಮ ತಮ್ಮನ ಮುಖವನ್ನು ಕಂಡಳು. ಒಂದು ಗುದ್ದೂ ತಾಗದ ಆ ಮುಖ, ಹೊಡೆಸಿಕೊಂಡವನ ಮುಖದಂತಿತ್ತು.

ನಡುಕ ಕಾಣಿಸಿಕೊಂಡದ್ದು ಮರುವರ್ಷ. ಮೊದಲು ಬಲಗೈಯ ಬೆರಳುಗಳಲ್ಲಿ, ಗಂಜಿಯ ಬಟ್ಟಲು ತುಟಿಗೆ ತಲುಪುವ ಮೊದಲೇ ಅರ್ಧ ಚೆಲ್ಲುವಷ್ಟು. ಆಮೇಲೆ ತಲೆಯಲ್ಲಿ, ಸದ್ದು ಜೋರಾದಷ್ಟೂ ಜೋರಾಗಿ. ಪೂವಮ್ಮ ಕೇಳಿದಾಗ ಅವನು ಮುಚ್ಚಿಡಲಿಲ್ಲ. ಸೈನ್ಯದ ಡಾಕ್ಟರು ಎಂದೋ ಹೇಳಿದ್ದರಂತೆ: ತಿಂದ ಪೆಟ್ಟುಗಳು ತಲೆಯೊಳಗೆ ಉಳಿದಿವೆ, ಇನ್ನು ಆಡಬೇಡ, ನಡುಕ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗು. ಬೆಳ್ತಂಗಡಿಯ ಡಾಕ್ಟರೂ ಅದನ್ನೇ ಹೇಳಿದರು. "ಮಂಗಳೂರಿಗೆ ಕರಕೊಂಡು ಹೋಗಿ. ಕಾಲಿಗೆ ಇಳಿಯುವ ಮೊದಲು ಹೋಗಿ." ನಾಟಿ ಮುಗಿಯಲಿ ಎಂದಳು ಪೂವಮ್ಮ. ನಾಟಿ ಮುಗಿಯಿತು, ಕೊಯ್ಲು ಮುಗಿಯಿತು, ಅಷ್ಟರಲ್ಲಿ ದೈವದ ವರ್ಷದ ಉತ್ಸವ, ನೇಮ ಬಂತು.

ಗುತ್ತಿನ ಮನೆಯ ದೈವಕ್ಕೆ ಹಳೆಯ ಪಾತ್ರಿ ತೀರಿಕೊಂಡ ಮೇಲೆ ಪಾತ್ರಿಯಿರಲಿಲ್ಲ. ಕತ್ತಿ ಹಿಡಿದು, ಮೈ ನಡುಗಿ, ದೈವದ ನುಡಿ ಕೊಡುವವನಿಲ್ಲದೆ ಊರಿಗೆ ಊರೇ ಕಳವಳಗೊಂಡಿತ್ತು. ಅರವತ್ತೊಂದರ ಆ ಸಂಜೆ ದೈವದ ಆಭರಣ, ಆಯುಧಗಳ ಭಂಡಾರ ಹೊರಡುವ ಹೊತ್ತಿಗೆ ಡೋಲು, ತಾಸೆಗಳ ಸದ್ದು ಏರಿದಂತೆ, ಜನರ ನಡುವೆ ನಿಂತಿದ್ದ ಜತ್ತಪ್ಪನ ಕೈ ನಡುಗಿತು, ತಲೆ ನಡುಗಿತು, ಕೋಟಿನೊಳಗಿನ ಮೈಯೆಲ್ಲ ನಡುಗಿತು. ಯಾರೋ "ದರ್ಶನ! ಮೈಮೇಲೆ ಬಂತು, ದರ್ಶನ!" ಎಂದು ಕೂಗಿದರು. ಜನ ಸರಿದು ದಾರಿ ಬಿಟ್ಟರು. ದೈವದ ಕತ್ತಿ ಅವನ ಕೈಗೆ ಬಂತು. ಮೂಡಬಿದಿರೆಯಲ್ಲಿ ನಕ್ಕಿದ್ದ ರಮಾನಾಥ ಅವನ ಮುಂದೆ ತಲೆಬಾಗಿ, ಕೈಜೋಡಿಸಿ ನಿಂತ.

ಮನೆಗೆ ಮರಳುವಾಗ ಜತ್ತಪ್ಪನೇ ಹೇಳಿದ: "ಅಕ್ಕ, ಅದು ದೈವ ಅಲ್ಲ. ಗುದ್ದು."

ಮರುದಿನ ಪೂವಮ್ಮ ಗುತ್ತಿನ ಮನೆಗೆ ಹೋಗಿ ಅಂಗಳದಲ್ಲಿ ನಿಂತಳು. "ಧಣಿಗಳೇ, ತಮ್ಮನಿಗೆ ಕಾಯಿಲೆ ಉಂಟು. ಅವನನ್ನು ಬಿಟ್ಟುಬಿಡಿ, ಆಸ್ಪತ್ರೆಗೆ ಹೋಗಬೇಕು."

"ಕಾಯಿಲೆಯಾ? ನಿನ್ನ ಬಾಯಲ್ಲಿ ಈ ಮಾತು ಇನ್ನೊಮ್ಮೆ ಬರಬಾರದು ಪೂವಮ್ಮ. ಪಾತ್ರಿಯಾದವನು ಹೊರಗಿನ ಅನ್ನ ಉಣ್ಣುವ ಹಾಗಿಲ್ಲ, ಗೊತ್ತುಂಟಲ್ಲ? ಆಸ್ಪತ್ರೆಯ ಮಂಚದಲ್ಲಿ ಮಲಗುವುದು ಹೇಗೆ?"

ಪೂವಮ್ಮ ಅಂಗಳ ದಾಟಿದಳೇ ಹೊರತು ಮಾತು ಒಪ್ಪಲಿಲ್ಲ. ಶುದ್ಧಿಯ ಕ್ರಮಗಳು ಮುಗಿದು ಅವನಿಗೆ ಕತ್ತಿಯನ್ನು ವಿಧಿಪೂರ್ವಕ ಒಪ್ಪಿಸಲು ಇನ್ನೂ ವಾರವಿರುವಾಗಲೇ ತಮ್ಮನ ಬಟ್ಟೆ ಗಂಟು ಕಟ್ಟಿ, ಅವನನ್ನು ಮಡಂತ್ಯಾರಿಗೆ ಕರೆತಂದು ಮಂಗಳೂರು ಬಸ್ಸಿಗೆ ಕಾದಳು. ಬಸ್ಸು ಬಂತು. ಜತ್ತಪ್ಪ ಮೆಟ್ಟಿಲಿಗೆ ಕಾಲಿಟ್ಟ. ಒಳಗಿದ್ದವರು ಅವನನ್ನು ಗುರುತಿಸಿದ್ದೇ, ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಒಬ್ಬೊಬ್ಬರಾಗಿ ಎದ್ದು ನಿಂತರು. ಕಂಡಕ್ಟರ್ ಭೋಜ ಕೈಮುಗಿದು, "ಬನ್ನಿ ಪಾತ್ರಿಗಳೇ, ಕೂತುಕೊಳ್ಳಿ. ಎಲ್ಲಿಗೆ ಹೊರಟದ್ದು?" ಎಂದ.

ಆಸ್ಪತ್ರೆಗೆ ಎಂದು ಹೇಳಬೇಕಿತ್ತು. ಅಷ್ಟೇ. ಪೂವಮ್ಮ ಬಾಯಿ ತೆರೆಯುವ ಮೊದಲೇ ಅವನು "ಎಲ್ಲಿಗೂ ಇಲ್ಲ" ಎಂದು ಕಾಲನ್ನು ಹಿಂದೆಗೆದ.

ಬಸ್ಸು ಹೋಯಿತು. ಧೂಳಿನಲ್ಲಿ ನಿಂತು ಪೂವಮ್ಮ ಬೈದಳು, ಅತ್ತಳು, ಅವನ ಕೋಟಿನ ತೋಳು ಹಿಡಿದು ಎಳೆದಳು. ಅವನು ಸಿಟ್ಟಾಗಲಿಲ್ಲ. "ಅಕ್ಕ, ಅಲ್ಲಿ ಗೆದ್ದರೂ ನಕ್ಕರು. ಇಲ್ಲಿ ನಡುಗಿದರೂ ನಗುವುದಿಲ್ಲ" ಎಂದ.

ಮೂರು ನೇಮಗಳಲ್ಲಿ ಅವನು ಪಾತ್ರಿಯಾಗಿ ನಿಂತ. ಕೆಂಪು ರೇಷ್ಮೆಯುಟ್ಟು, ಕತ್ತಿ ಹಿಡಿದು ನಡುಗುವಾಗ ಸಾವಿರ ಕಣ್ಣುಗಳು ರೆಪ್ಪೆ ಬಡಿಯದೆ ನೋಡುತ್ತಿದ್ದವು. ಅವನ ಮುಖದಲ್ಲಿ ಆಗ ಹಬ್ಬುತ್ತಿದ್ದ ಬೆಳಕನ್ನು ಜನ ದೈವದ ಕಳೆ ಎಂದರು. ಚಾಂಪಿಯನ್ನನ ಕಳೆ ಎಂದು ತಿಳಿದವಳು ಪೂವಮ್ಮನೊಬ್ಬಳೇ. ಅರವತ್ತನಾಲ್ಕರಲ್ಲಿ ನಡುಕ ಕಾಲಿಗಿಳಿಯಿತು, ನಾಲಗೆಗೂ ಇಳಿಯಿತು. ಇಬ್ಬರು ಒಕ್ಕಲಿನವರ ಗದ್ದೆನೀರಿನ ವ್ಯಾಜ್ಯಕ್ಕೆ ನುಡಿ ಕೇಳಿ ರಮಾನಾಥ ಕೈಮುಗಿದು ನಿಂತರೆ, ದೈವದ ಬಾಯಿಂದ ಬಂದದ್ದು ಜೊಲ್ಲು. ಕತ್ತಿ ಕೈಜಾರಿ ಕಲ್ಲಿಗೆ ಬಿತ್ತು.

"ಮುಟ್ಟಬಾರದ್ದನ್ನು ಮುಟ್ಟಿರಬೇಕು" ಎಂದಿತು ಊರು. "ಕಳ್ಳಂಗಡಿಯ ಕಡೆಯಿಂದ ಬರುವುದನ್ನು ನಾನೇ ಕಂಡಿದ್ದೇನೆ" ಎಂದರು ಕೆಲವರು. ದೈವ ಅವನನ್ನು ಬಿಟ್ಟಿತೆಂದು ತೀರ್ಮಾನವಾಯಿತು. ಮುಂದಿನ ನೇಮಕ್ಕೆ ಕತ್ತಿ ಕುಶಾಲಪ್ಪನೆಂಬವನ ಕೈಗೆ ಹೋಯಿತು. ಹೊರಗಿನ ಅನ್ನ ಉಣ್ಣಲು ಈಗ ಯಾರ ಅಡ್ಡಿಯೂ ಇರಲಿಲ್ಲ. ಪೂವಮ್ಮ ಅವನನ್ನು ಬೆನ್ನಿಗೆ ಆನಿಸಿಕೊಂಡು ಬಸ್ಸು ಹತ್ತಿಸಿದಾಗ, ಒಳಗಿದ್ದವರು "ಕುಡಿದವನನ್ನು ಹಿಂದೆ ಕೂರಿಸಿ" ಎಂದರು.

ಮಂಗಳೂರಿನ ಡಾಕ್ಟರು ಅವನ ಕಣ್ಣಿಗೆ ಬೆಳಕು ಹಿಡಿದು ನೋಡಿ, "ಇಷ್ಟು ದಿನ ಎಲ್ಲಿದ್ದಿರಿ? ಪೂರಾ ಗುಣವಾಗದಿದ್ದರೂ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ" ಎಂದರು. "ಊರಲ್ಲೇ ಇದ್ದೆವು" ಎಂದಳು ಪೂವಮ್ಮ. ಬೇರೆ ಏನು ಹೇಳಬಹುದಿತ್ತು? ಅರವತ್ತಾರರ ಮಳೆಗಾಲದಲ್ಲಿ ಅವನು ತೀರಿಕೊಂಡ. ಗುತ್ತಿನಿಂದ ಯಾರೂ ಬರಲಿಲ್ಲ. ದೈವ ಬಿಟ್ಟವನ ಹೆಣಕ್ಕೆ ಬರುವ ಕ್ರಮವಿಲ್ಲವಂತೆ.

ಪೆಟ್ಟು ತಿನ್ನುವುದನ್ನೇ ವಿದ್ಯೆಯಾಗಿ ಕಲಿತ ಇಂಥವರಿಗೆ ನೋವೆಂಬುದು ಉಂಟು ಎಂದು ನೋಡುವವರಿಗೆ ಹೊಳೆಯುವುದಿಲ್ಲ. ನೋಡುವವರಿಗೆ ಬೇಕಾದದ್ದು ಅವರ ಮೈ. ಅದು ಕುಣಿದರೆ ನಗು, ನಡುಗಿದರೆ ನಮಸ್ಕಾರ, ಬಿದ್ದರೆ ಬಾಯಿಗೊಂದು ಮಾತು. ಇಷ್ಟನ್ನು ಊರಿನ ತಪ್ಪೆಂದು ಹೇಳಿ ಮುಗಿಸಬಹುದು. ಆದರೆ ಇಂಥವರ ಒಳಗೂ ಒಂದು ಹಸಿವು ಇರುತ್ತದೆ, ಅನ್ನದಿಂದ ತೀರುವಂಥದಲ್ಲ. ಜನರ ಕಣ್ಣು ತಮ್ಮ ಮೇಲಿರುವಷ್ಟು ಕಾಲ ಅವರು ಸಾಯಲೂ ಸಿದ್ಧರು. ಯಾರೂ ನೋಡದ ಕಡೆ, ಒಂದು ಮಂಚದ ಮೇಲೆ, ಬರಿಯ ರೋಗಿಯಾಗಿ ಬದುಕಲು ಮಾತ್ರ ಅವರಿಗೆ ಧೈರ್ಯ ಸಾಲುವುದಿಲ್ಲ.